ಓದುಗರ ಪ್ರಶ್ನೆಗೆ ಉತ್ತರ: ಕವಿತೆಗೆಂದೇ ಒಂದು ಪತ್ರಿಕೆ

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಸಮಕಾಲೀನ ಕವಿತೆಗಳಿಗೆಂದೇ ಒಂದು ತ್ರೈಮಾಸಿಕ ಆರಂಭಿಸಿದ್ದೇವೆ. ಎರಡು ಸಂಚಿಕೆಗಳು ಹೊರಬಂದಿವೆ. ಮೂರನೆಯದಕ್ಕೆ 400ರಷ್ಟು ಕವಿತೆಗಳು ಬಂದಿವೆ. ನಾವು ಅಚ್ಚುಹಾಕಬಲ್ಲದ್ದು 30 ಮಾತ್ರ. ಆಯ್ಕೆ ಹೇಗೆ ಮಾಡಬೇಕು, ಉಳಿದವರಿಗೆ ಏನೆಂದು ಬರೆಯಬೇಕು? ಚಂದಾದಾರರಂತೂ ಕವಿತೆ ಕಳಿಸಿದವರ ಅರ್ಧದಷ್ಟೂ ಇಲ್ಲ. ಚಂದಾ ಕಟ್ಟಿದವರ ಕವಿತೆಗಳನ್ನಷ್ಟೇ ಪರಿಶೀಲಿಸುತ್ತೇವೆ ಎಂದು ಪ್ರಕಟಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ. ಚಂದಾ ಕಟ್ಟಿದ ಕವಿಗೆ ‘ಬೇಡ’ ಎನ್ನಲು ನಿಮಗೆ ನಾಲಿಗೆ ಏಳುವುದಿಲ್ಲ, ಅಚ್ಚಾದ ಕವಿತೆಯ ಮೇಲೆ ಓದುಗನಿಗೆ ನಂಬಿಕೆ ಹುಟ್ಟುವುದೂ ಇಲ್ಲ. 1912ರಲ್ಲಿ ಷಿಕಾಗೋದಲ್ಲಿ ‘ಪೊಯಟ್ರಿ’ ಪತ್ರಿಕೆಯನ್ನು ಆರಂಭಿಸಿದ ಹ್ಯಾರಿಯೆಟ್ ಮನ್ರೋ, ಅದಕ್ಕೂ ಮುನ್ನ 100 ಮಂದಿ ಅನುಕೂಲಸ್ಥರನ್ನು ಹುಡುಕಿ, ವರ್ಷಕ್ಕೆ 50 ಡಾಲರಿನಂತೆ 5 ವರ್ಷ ಕೊಡುವುದಾಗಿ ಅವರಿಂದ ಮಾತು ಪಡೆದಿದ್ದರು. ಆ ಹಣ ಕವಿಗಳಿಂದ ಬಂದದ್ದಲ್ಲವಾದ್ದರಿಂದ ಕವಿಗಳಿಗೆ ಸಂಭಾವನೆ ಕೊಡುವುದಕ್ಕೂ, ಬೇಡವೆನಿಸಿದ್ದನ್ನು ಹಿಂತಿರುಗಿಸುವುದಕ್ಕೂ ಅವರ ಕೈ ಕಟ್ಟಿರಲಿಲ್ಲ. ನಿಮಗೆ 100 ಜನ ಬೇಕಾಗಿಲ್ಲ. ಕವಿತೆ ಬರೆಯದ, ಆದರೆ ಓದುವ ಹತ್ತು ಮಂದಿ ಪೋಷಕರನ್ನು ಹುಡುಕಿಕೊಳ್ಳಿ.

ಇನ್ನು ಆಯ್ಕೆ. ಒಬ್ಬರು ಕವಿಗಳ ಹೆಸರುಗಳನ್ನು ತೆಗೆದಿಟ್ಟು ಉಳಿದಿಬ್ಬರಿಗೆ ಕೊಡಲಿ; ಇಬ್ಬರೂ ಬೇರೆ ಬೇರೆ ಕೂತು, ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚಿಲ್ಲದಂತೆ ಓದಲಿ. ಇಪ್ಪತ್ತೊಂದನೆಯದರ ಹೊತ್ತಿಗೆ ದಣಿಯುವುದು ಓದುಗ, ಶಿಕ್ಷೆ ಅನುಭವಿಸುವುದು ಕವಿತೆ. ವಾರ ಬಿಟ್ಟು, ಉಳಿದುಕೊಂಡವನ್ನು ಮೂವರೂ ಸೇರಿ ಗಟ್ಟಿಯಾಗಿ ಓದಿ. ನನ್ನ ಅನುಭವದಲ್ಲಿ, ಎಲ್ಲರೂ ‘ಪರವಾಗಿಲ್ಲ’ ಎಂದ ಕವಿತೆಗಿಂತ ಒಬ್ಬರು ಹಟಹಿಡಿದು ಸಮರ್ಥಿಸಿ ಇನ್ನೊಬ್ಬರು ಮುಖ ಸಿಂಡರಿಸಿದ ಕವಿತೆಯೇ ಅಚ್ಚಿಗೆ ಹೆಚ್ಚು ಅರ್ಹ. ‘ಪೊಯಟ್ರಿ’ಯ ವಿದೇಶಿ ಪ್ರತಿನಿಧಿಯಾಗಿದ್ದ ಕವಿ ಎಜ್ರಾ ಪೌಂಡ್ ಪಟ್ಟುಹಿಡಿದು ಕಳಿಸಿದ ಟಿ. ಎಸ್. ಎಲಿಯಟ್‌ರ ಪ್ರೂಫ್ರಾಕ್ ಕವಿತೆಯ ಬಗ್ಗೆ ಮನ್ರೋ ಅವರಿಗೆ ಪೂರ್ಣ ಒಪ್ಪಿಗೆಯಿರಲಿಲ್ಲ. ತಿಂಗಳುಗಟ್ಟಲೆ ಅನುಮಾನಿಸಿ, 1915ರ ಜೂನ್ ಸಂಚಿಕೆಯ ಹಿಂಬದಿಯ ಪುಟಗಳಲ್ಲಿ ಹಾಕಿದರು. ಹಾಕಿದರು ಎಂಬುದೇ ಮುಖ್ಯ.

ಒಳ್ಳೆಯ ಕವಿತೆಗಳಲ್ಲೂ ಆಗಾಗ ಕಾಣುವ ಒಂದು ತೊಡಕೆಂದರೆ, ಕವಿ ತಾನು ಹೇಳಿದ್ದನ್ನು ಕೊನೆಯ ಎರಡು ಸಾಲುಗಳಲ್ಲಿ ತಾನೇ ವಿವರಿಸಿಬಿಡುವುದು. ಅಂಥಲ್ಲಿ ಆ ಸಾಲುಗಳನ್ನು ಕೈಬಿಡಬಹುದೇ ಎಂದು ಕವಿಗೆ ಬರೆದು ಕೇಳಿ, ಉತ್ತರಕ್ಕೆ ಕಾಯಿರಿ. ಪುಟ ತುಂಬಿತೆಂದು ನೀವಾಗಿಯೇ ಕತ್ತರಿ ಹಾಕಬೇಡಿ.

ತಿರಸ್ಕರಿಸಿದ ಕವಿತೆಗಳಿಗೆ ಮೂರು ತಿಂಗಳೊಳಗೆ ಎರಡೇ ಸಾಲಿನ ವಿಷಾದಪತ್ರ ಸಾಕು. ‘ಸ್ಥಳಾಭಾವದಿಂದ’ ಎಂದು ಮಾತ್ರ ಬರೆಯಬೇಡಿ. ಅದನ್ನು ನಂಬುವ ಕವಿ ಇನ್ನೂ ಹುಟ್ಟಿಲ್ಲ. ಕಾರಣ ವಿವರಿಸುವ ಹೊಣೆಯೂ ನಿಮ್ಮದಲ್ಲ. ಆದರೆ ಯಾರ ಮುಂದಿನ ಕವಿತೆಯನ್ನು ನಿಜವಾಗಿ ನೋಡಬೇಕೆನಿಸುತ್ತದೋ ಅವರಿಗೆ, ಯಾವ ಸಾಲು ಹಿಡಿಸಿತು ಎಂದು ಹೆಸರಿಸಿ ಕೈಯಾರೆ ಬರೆಯಿರಿ.

ಕೇಳದಿದ್ದರೂ ಕರಡು ತಿದ್ದುವ ಬಗ್ಗೆ ಒಂದು ಮಾತು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳು ಕಳಚಿಹೋಗುವುದುಂಟು. ಗದ್ಯದಲ್ಲಾದರೆ ತಪ್ಪು ಕಣ್ಣಿಗೆ ಕುಕ್ಕುತ್ತದೆ. ಕವಿತೆಯಲ್ಲಿ ಏನು ಬೇಕಾದರೂ ಇರಬಹುದೆಂದು ಕರಡು ತಿದ್ದುವವರು ಮುಂದೆ ಸಾಗುತ್ತಾರೆ. ನಾನು ಸಂಪಾದಿಸಿದ ಸಂಚಿಕೆಯೊಂದರಲ್ಲಿ ಹೀಗೆಯೇ ‘ಎಲ್ಲೆ’ ಎಂಬುದು ‘ಎಲೆ’ಯಾಯಿತು, ಆ ಎಲೆಯ ಪ್ರತಿಮೆಯನ್ನು ಮೆಚ್ಚಿ ಇಬ್ಬರು ಓದುಗರು ಪತ್ರ ಬರೆದರು. ಕವಿ ಬಹಳ ದಿನ ಮಾತಾಡಲಿಲ್ಲ. ಅಂದಿನಿಂದ ಪುಟವಿನ್ಯಾಸ ಮುಗಿದ ಕರಡನ್ನೇ ಕವಿಗೆ ಕಳಿಸುವ ಪದ್ಧತಿ ಇಟ್ಟುಕೊಂಡೆ. ಕವಿತೆಯ ನುಡಿಯೊಂದು (ಸಾಲುಗಳ ಒಂದು ಗುಂಪು) ಪುಟದ ತುದಿಗೇ ಮುಗಿದರೆ ಮುಂದಿನ ಪುಟದಲ್ಲಿ ಹೊಸ ನುಡಿ ಆರಂಭವಾಗಿದೆಯೋ, ಹಳೆಯದೇ ಮುಂದುವರಿದಿದೆಯೋ ಓದುಗನಿಗೆ ತಿಳಿಯುವುದಿಲ್ಲ. ಒಂದು ಸಾಲನ್ನು ಆಚೆಗೆ ತಳ್ಳಿ ಇದನ್ನು ತಪ್ಪಿಸಬಹುದು.

ಪ್ರಶ್ನೆ: ಬೇರೆ ಭಾಷೆಯ ಸಮಕಾಲೀನ ಕವಿತೆಗಳ ಅನುವಾದವನ್ನು ಪ್ರಕಟಿಸಲು ಅನುವಾದಕರ ಒಪ್ಪಿಗೆ ಸಾಲದೇ?

ಉತ್ತರ: ಸಾಲದು. ಅನುವಾದಕ್ಕೆ ಅನುಮತಿ ನೀಡುವ ಹಕ್ಕು ಮೂಲ ಕವಿಯದು, ಅವರ ನಂತರ ವಾರಸುದಾರರದು. ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಈ ಹಕ್ಕು ಕವಿ ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಉಳಿಯುತ್ತದೆ. 60, 70 ವರ್ಷಗಳ ಅವಧಿಯಿರುವ ದೇಶಗಳೂ ಇವೆ. ಅನುಮತಿ ಪತ್ರವನ್ನು ಅನುವಾದದ ಜೊತೆಗೇ ಕೇಳಿ ಪಡೆಯಿರಿ.

ಪ್ರಶ್ನೆ: ನನ್ನ ಕವಿತೆಯನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ್ದೆ. ಅದು ‘ಈಗಾಗಲೇ ಪ್ರಕಟಿತ’ ಎಂದು ಪತ್ರಿಕೆಯೊಂದು ಹಿಂತಿರುಗಿಸಿತು. ಇದು ನ್ಯಾಯವೇ?

ಉತ್ತರ: ಪತ್ರಿಕೆಗಳು ಸಾಮಾನ್ಯವಾಗಿ ಕೇಳುವುದು ಪ್ರಥಮ ಪ್ರಕಟಣೆಯ ಹಕ್ಕನ್ನು, ಕೃತಿಸ್ವಾಮ್ಯ ಕವಿಯಲ್ಲಿಯೇ ಇರುತ್ತದೆ. ನೂರಾರು ಜನ ಆಗಲೇ ಓದಿದ್ದನ್ನು ‘ಪ್ರಥಮ’ ಎನ್ನಲಾಗದು ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ನಾನಾಗಿದ್ದರೆ ಕವಿತೆ ಚೆನ್ನಾಗಿದ್ದಲ್ಲಿ ತೆಗೆದುಕೊಳ್ಳುತ್ತಿದ್ದೆ. ಆದರೆ ನಿಯಮವನ್ನು ಮೊದಲೇ ಪ್ರಕಟಿಸಿದ್ದ ಪತ್ರಿಕೆಯ ಮೇಲೆ ದೂರಲಾಗದು. ಮುಂದಿನ ಕವಿತೆಯನ್ನು ಉತ್ತರ ಬರುವವರೆಗೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ.