'ಕಾಡಾನೆ ಓಡಿಸಿದ ಗ್ರಾಮಸ್ಥರು': ಓಡಿದ್ದು ಯಾರು?

ವಾಕ್ಯ ಎರಡು ಅರ್ಥ ಕೊಟ್ಟು ಪೇಚಿಗೆ ಸಿಕ್ಕಿಸಿದ್ದರ ಬಗ್ಗೆ ಓದುಗರಿಂದ ತುಂಬಾ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ. ಕನ್ನಡದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವ ಜಾಗ ಅದು, ಹಾಗಾಗಿ.

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ನುಗ್ಗಿದ್ದ ಆನೆಯನ್ನು ಊರಿನವರು ಸೇರಿ ಓಡಿಸಿದ ಸುದ್ದಿಗೆ 'ಕಾಡಾನೆ ಓಡಿಸಿದ ಗ್ರಾಮಸ್ಥರು' ಎಂದು ಹೆಡಿಂಗ್ ಕೊಟ್ಟೆ. ಬೆಳಿಗ್ಗೆಯಿಂದ ಫೋನೋ ಫೋನು. 'ಗ್ರಾಮಸ್ಥರು ಎಲ್ಲಿಯವರೆಗೆ ಓಡಿದರು?' ಎಂದು ಕೇಳುತ್ತಾರೆ. ನನ್ನ ವಾಕ್ಯದಲ್ಲಿ ತಪ್ಪೇನಿದೆ?

ಉತ್ತರ: ನೀವು ಬಿಟ್ಟಿದ್ದು ಎರಡೇ ಅಕ್ಷರ. 'ಕಾಡಾನೆಯನ್ನು' ಎಂದು ಬರೆದಿದ್ದರೆ ಒಂದು ಫೋನೂ ಬರುತ್ತಿರಲಿಲ್ಲ. ಆದರೆ ಬಿಟ್ಟಾಗ ಹೀಗೇಕಾಯಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

'ಓಡಿಸಿದ', 'ತಂದ', 'ಓದಿದ' ಇಂಥ ರೂಪಗಳಿಗೆ ಶಾಲೆಯಲ್ಲಿ ಕೃದಂತ ಎಂದು ಕಲಿಸುತ್ತಾರೆ. ಇವು ಮುಂದೆ ಬರುವ ಹೆಸರಿಗೆ ಅಂಟಿಕೊಳ್ಳುತ್ತವೆ. ಆದರೆ ಆ ಹೆಸರಿಗೂ ಕೆಲಸಕ್ಕೂ ಏನು ಸಂಬಂಧ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. 'ಮಾವು ತಂದ ಅಣ್ಣ' ಎಂದರೆ ಅಣ್ಣ ಕೆಲಸ ಮಾಡಿದವನು. 'ಅಣ್ಣ ತಂದ ಮಾವು' ಎಂದರೆ ಮಾವು ತರಿಸಿಕೊಂಡದ್ದು. 'ನಾನು ಓದಿದ ಶಾಲೆ'ಯಲ್ಲಿ ಶಾಲೆ ಒಂದು ಜಾಗ. 'ಮಳೆ ಬಂದ ದಿನ'ದಲ್ಲಿ ದಿನ ಹೊತ್ತನ್ನು ಹೇಳುತ್ತದೆ. 'ತರಕಾರಿ ಹೆಚ್ಚಿದ ಚಾಕು' ಎಂದಾಗ ಚಾಕು ಸಾಧನ. ರೂಪ ಒಂದೇ, ಸಂಬಂಧ ಐದು. ಇಷ್ಟನ್ನೂ ನಾವು ದಿನವಿಡೀ ಒಂದು ಚೂರೂ ತಡವರಿಸದೆ ಬಳಸುತ್ತೇವೆ. ಮಾವು ಅಣ್ಣನನ್ನು ತರಲಾರದು, ಶಾಲೆ ನನ್ನನ್ನು ಓದಲಾರದು ಎಂದು ಗೊತ್ತಿರುವುದರಿಂದ ಅರ್ಥ ತಾನಾಗಿಯೇ ಸರಿಹೋಗುತ್ತದೆ.

ಆನೆಯ ವಿಷಯ ಹಾಗಲ್ಲ. ಅದು ಓಡಿಸಲೂಬಲ್ಲದು, ಓಡಲೂಬಲ್ಲದು. ಮಲೆನಾಡಿನಲ್ಲಿ ಎರಡೂ ನಡೆಯುವಂಥದ್ದೇ.

ಇನ್ನು 'ಅನ್ನು' ಪ್ರತ್ಯಯ. ಇದನ್ನು ನಾವು ಮಾತಿನಲ್ಲಿ ಸುಮ್ನೆ ಬಿಟ್ಟುಬಿಡುತ್ತೇವೆ. 'ಕಾಫಿ ಕುಡಿದೆ', 'ಪೇಪರ್ ಓದಿದೆ' ಎನ್ನುತ್ತೇವೆಯೇ ಹೊರತು 'ಕಾಫಿಯನ್ನು ಕುಡಿದೆ' ಎಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಆದರೆ ಮನುಷ್ಯರ ವಿಷಯಕ್ಕೆ ಬಂದರೆ ಈ ಸಲಿಗೆ ಇಲ್ಲ. 'ನಿನ್ನೆ ಅಕ್ಕ ನೋಡಿದೆ' ಎಂದರೆ ಅದು ಕನ್ನಡವೇ ಅಲ್ಲ, 'ಅಕ್ಕನನ್ನು ನೋಡಿದೆ' ಎನ್ನಲೇಬೇಕು. ಪ್ರಾಣಿಗಳು ಇವೆರಡರ ನಡುವೆ ಇವೆ. 'ನಾಯಿ ಸಾಕಿದ್ದೇವೆ', 'ಹಸು ಕರೆದೆ' ಎನ್ನುತ್ತೇವೆ, ಪ್ರತ್ಯಯ ಇಲ್ಲದೆಯೂ ನಡೆಯುತ್ತದೆ. ಅದಕ್ಕೇ 'ಹುಲಿ ಕೊಂದ ಬೇಟೆಗಾರ', 'ಹಾವು ಕಚ್ಚಿದ ಹುಡುಗ', 'ಚಿರತೆ ಹಿಡಿದ ಸಿಬ್ಬಂದಿ' ಇವೆಲ್ಲ ಎರಡೆರಡು ಕಥೆ ಹೇಳುತ್ತವೆ.

ನಿಮ್ಮ ಹೆಡಿಂಗನ್ನೇ ತಿರುಗಿಸಿ 'ಗ್ರಾಮಸ್ಥರು ಓಡಿಸಿದ ಕಾಡಾನೆ' ಎಂದು ಬರೆದು ನೋಡಿ. ಗೊಂದಲ ಇಲ್ಲ. ಗ್ರಾಮಸ್ಥರು ಮನುಷ್ಯರು, ಅವರನ್ನು ಆನೆ ಓಡಿಸಿದ್ದರೆ 'ಗ್ರಾಮಸ್ಥರನ್ನು' ಎಂದು ಬರಲೇಬೇಕಿತ್ತು. ಇಲ್ಲಿ ಬಂದಿಲ್ಲ, ಆದ್ದರಿಂದ ಓಡಿಸಿದವರು ಅವರೇ. ಇನ್ನೂ ಒಳ್ಳೆಯ ದಾರಿ ಎಂದರೆ ಪೂರ್ತಿ ಕ್ರಿಯಾಪದ. 'ಗ್ರಾಮಸ್ಥರು ಕಾಡಾನೆ ಓಡಿಸಿದರು' ಎಂದಾಗ 'ಅನ್ನು' ಇಲ್ಲದಿದ್ದರೂ ಪರವಾಗಿಲ್ಲ. ಕೊನೆಯ 'ಅರು' ಸಾಕ್ಷಿ ಹೇಳುತ್ತದೆ. ಆನೆ ಓಡಿಸಿದ್ದರೆ 'ಓಡಿಸಿತು' ಆಗುತ್ತಿತ್ತು, ಅಲ್ವಾ? ಕೃದಂತಕ್ಕೆ ಈ ಗುರುತೂ ಇಲ್ಲ. ಹೆಡಿಂಗಿನಲ್ಲಿ ಜಾಗ ಉಳಿಸಲು ಕೃದಂತ ತರುತ್ತೇವೆ, ಇನ್ನಷ್ಟು ಉಳಿಸಲು 'ಅನ್ನು' ತೆಗೆಯುತ್ತೇವೆ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಒಂದು ಹೋದರೂ ಇನ್ನೊಂದು ಇರಲಿ.

ಡೆಸ್ಕಿನಲ್ಲಿ ಇರುವವರಾದ್ದರಿಂದ ಇನ್ನೊಂದು ಮಾತು. 'ಇಂದ' ಪ್ರತ್ಯಯದ ಮೇಲೂ ಕಣ್ಣಿಡಿ. 'ನಾಯಿಯಿಂದ ಮಗು ರಕ್ಷಣೆ' ಎಂಬ ಸಾಲು ಓದಿ. ನಾಯಿ ಕಾಪಾಡಿತೋ, ನಾಯಿ ಕಚ್ಚದಂತೆ ಯಾರೋ ಕಾಪಾಡಿದರೋ? 'ಪೊಲೀಸರಿಂದ ಮಹಿಳೆ ರಕ್ಷಣೆ' ಇನ್ನೂ ಅಪಾಯದ ಸಾಲು. ಕೆಲಸ ಮಾಡಿದವರನ್ನು ಹೇಳಲೂ 'ಇಂದ', ಯಾವುದರಿಂದ ಬಿಡಿಸಿಕೊಂಡಿತು ಎನ್ನಲೂ 'ಇಂದ'. 13ನೇ ಶತಮಾನದಲ್ಲಿ ಕೇಶಿರಾಜ ಹಳಗನ್ನಡಕ್ಕೆ ವ್ಯಾಕರಣ ಬರೆದಾಗ ಇವಕ್ಕೆ ಬೇರೆ ಬೇರೆ ಪ್ರತ್ಯಯ ಹೇಳಿದ್ದ. ಮೊದಲನೆಯದಕ್ಕೆ, ಅಂದರೆ ತೃತೀಯಾ ವಿಭಕ್ತಿಗೆ 'ಇಂ, ಇಂದಂ, ಇಂದೆ', ಎರಡನೆಯದಕ್ಕೆ, ಅಂದರೆ ಪಂಚಮಿಗೆ 'ಅತ್ತಣಿಂ, ಅತ್ತಣಿಂದಂ, ಅತ್ತಣಿಂದೆ'. ಶಾಲೆಯ ಪಟ್ಟಿಯಲ್ಲಿ ಈಗಲೂ ಪಂಚಮಿಗೆ 'ದೆಸೆಯಿಂದ' ಎಂದು ಇದೆ. ಆದರೆ 'ಮರದ ದೆಸೆಯಿಂದ ಎಲೆ ಬಿತ್ತು' ಎಂದು ಯಾರು ಮಾತಾಡುತ್ತಾರೆ? ಬಳಕೆಯಲ್ಲಿ ಉಳಿದಿರುವುದು ಒಂದೇ 'ಇಂದ'. ಹಾಗಾಗಿ ಪ್ರತ್ಯಯದ ಮೇಲೆ ಭಾರ ಹಾಕದೆ ಬೇರೆ ಪದ ಹುಡುಕಿ: 'ಮಗುವನ್ನು ಕಾಪಾಡಿದ ನಾಯಿ' ಅಥವಾ 'ನಾಯಿ ಬಾಯಿಂದ ಮಗು ಪಾರು'.

ಪ್ರಶ್ನೆ: ಧಾರವಾಡದಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತನಾದೆ. ಬೀಳ್ಕೊಡುಗೆ ಸಭೆಯಲ್ಲಿ 'ನಮ್ಮ ಸಾಹೇಬರಂತೆ ನಾನು ಎಂದೂ ಲಂಚ ಮುಟ್ಟಲಿಲ್ಲ' ಎಂದೆ. ಸಭೆ ಗೊಳ್ಳೆಂದು ನಕ್ಕಿತು, ಸಾಹೇಬರ ಮುಖ ಸಣ್ಣದಾಯಿತು. ನಾನು ಅವರನ್ನು ಹೊಗಳಲು ಹೇಳಿದ್ದು.

ಉತ್ತರ: ನಿಮ್ಮ ಮನಸ್ಸಿನಲ್ಲಿದ್ದದ್ದೇ ನಿಮ್ಮ ವಾಕ್ಯದಲ್ಲೂ ಇದೆ. ಅದರ ಜೊತೆಗೆ ಸಭೆಗೆ ಕೇಳಿಸಿದ್ದೂ ಇದೆ. ಅದೇ ತೊಂದರೆ. 'ಸಾಹೇಬರಂತೆ' ಎನ್ನುವುದು 'ಮುಟ್ಟಲಿಲ್ಲ' ಎಂಬ ಪೂರ್ತಿ ಮಾತಿಗೆ ಸೇರಿದರೆ ಇಬ್ಬರೂ ಶುದ್ಧ ಹಸ್ತರು. ಬರೀ 'ಮುಟ್ಟು' ಎನ್ನುವುದಕ್ಕೆ ಸೇರಿದರೆ ಸಾಹೇಬರು ಮುಟ್ಟಿದರು, ನೀವು ಮುಟ್ಟಲಿಲ್ಲ. ಕನ್ನಡದಲ್ಲಿ 'ಇಲ್ಲ' ಬರುವುದು ಸಾಲಿನ ತುದಿಗೆ. ಅದು ಹಿಂದಿನ ಎಷ್ಟು ಮಾತನ್ನು ಅಲ್ಲಗಳೆಯುತ್ತಿದೆ ಎನ್ನುವುದನ್ನು ಕೇಳುವವರೇ ಊಹಿಸಿಕೊಳ್ಳಬೇಕು.

ಪರಿಹಾರ ಒಂದು ದೀರ್ಘ ಸ್ವರದಲ್ಲಿದೆ. 'ಸಾಹೇಬರಂತೆ ನಾನೂ ಲಂಚ ಮುಟ್ಟಲಿಲ್ಲ' ಎನ್ನಿ. ಆ 'ಊ' ಬಂದ ಕೂಡಲೇ ನೀವಿಬ್ಬರೂ ಒಂದೇ ಕಡೆ ನಿಲ್ಲುತ್ತೀರಿ. ಆದರೆ ಮೈಕಿನಲ್ಲಿ 'ನಾನು', 'ನಾನೂ' ಎರಡೂ ಒಂದೇ ಥರ ಕೇಳಿಸಿಬಿಡಬಹುದು. ಆದ್ದರಿಂದ ಭಾಷಣದಲ್ಲಿ ನನ್ನ ಸಲಹೆ ಇಷ್ಟೇ: 'ಸಾಹೇಬರೂ ಲಂಚ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.' ಅವರಿಗೆ ಒಂದು ಫೋನ್ ಮಾಡಿ ಈ ಎರಡನೇ ವಾಕ್ಯವನ್ನು ಹೇಳಿ. ಮನಸ್ಸಿನಲ್ಲಿ ಉಳಿಸಿಕೊಂಡು ಕೊರಗುವಂಥ ವಿಷಯ ಇದಲ್ಲ.

ಇದೇ ಜಾತಿಯ ಇನ್ನೆರಡು ಇವೆ. 'ಎಲ್ಲರೂ ಸಭೆಗೆ ಬರಲಿಲ್ಲ' ಎಂದರೆ ಸಭೆ ಖಾಲಿಯೋ, ಕೆಲವರು ಮಾತ್ರ ತಪ್ಪಿಸಿಕೊಂಡರೋ? ವರದಿ ಬರೆಯುವಾಗ 'ಯಾರೂ ಬರಲಿಲ್ಲ' ಅಥವಾ 'ಕೆಲವರು ಬರಲಿಲ್ಲ' ಎಂದು ಒಂದನ್ನು ಖಚಿತ ಮಾಡಿ. 'ಸಂಬಳಕ್ಕಾಗಿ ಅವನು ಕೆಲಸ ಬಿಡಲಿಲ್ಲ' ಎನ್ನುವುದು ಇನ್ನೂ ನಾಜೂಕು. ಸಂಬಳದ ಆಸೆಗೆ ಕೆಲಸದಲ್ಲೇ ಉಳಿದನೋ, ಬಿಟ್ಟ ಕಾರಣ ಬೇರೆಯೋ? ಇಲ್ಲಿ ಕನ್ನಡ ನಮಗೊಂದು ಅನುಕೂಲ ಕೊಟ್ಟಿದೆ. ನಮ್ಮಲ್ಲಿ 'ಇಲ್ಲ' ಒಂದೇ ಅಲ್ಲ, 'ಅಲ್ಲ' ಕೂಡ ಇದೆ. 'ಅವನು ಕೆಲಸ ಬಿಟ್ಟಿದ್ದು ಸಂಬಳಕ್ಕಾಗಿ ಅಲ್ಲ' ಎಂದರೆ ಮುಗಿಯಿತು. 'ಅಲ್ಲ' ತನ್ನ ಪಕ್ಕದ ಮಾತನ್ನೇ ಬೊಟ್ಟು ಮಾಡಿ ತೋರಿಸುತ್ತದೆ.

ಪ್ರಶ್ನೆ: ಮನೆಯಲ್ಲಿ ತುಪ್ಪ ಕಾಯಿಸಿ ಮಾರುತ್ತೇನೆ. ಡಬ್ಬಿ ಮೇಲೆ 'ಶುದ್ಧ ಹಸುವಿನ ತುಪ್ಪ' ಎಂದು ಲೇಬಲ್ ಹಾಕಿಸಿದ್ದೇನೆ. ಹಸು ಶುದ್ಧವೋ ತುಪ್ಪ ಶುದ್ಧವೋ ಎಂದು ಮಗ ರೇಗಿಸುತ್ತಾನೆ. ಬದಲಾಯಿಸಬೇಕೇ? (ಶಿರಸಿ)

ಉತ್ತರ: ಇರುವ ಲೇಬಲ್ ಮುಗಿಯಲಿ, ಮುಂದಿನ ಸಲ 'ಹಸುವಿನ ಶುದ್ಧ ತುಪ್ಪ' ಎಂದು ಹಾಕಿಸಿ. ಗುಣ ಹೇಳುವ ಪದ ಅದು ಯಾರ ಗುಣವೋ ಅವರ ಪಕ್ಕದಲ್ಲೇ ಇರಲಿ. 'ನಾಟಿ ಹಸುವಿನ ಶುದ್ಧ ತುಪ್ಪ' ಎಂದಾಗ ನಾಟಿ ಹಸುವಿಗೆ, ಶುದ್ಧ ತುಪ್ಪಕ್ಕೆ, ಎರಡೂ ಸರಿಯಾದ ಜಾಗದಲ್ಲಿವೆ. ನಿಮ್ಮ ಗಿರಾಕಿಗಳು ಹಳೇ ಲೇಬಲ್ಲನ್ನೂ ಸರಿಯಾಗಿಯೇ ಓದಿಕೊಂಡಿದ್ದಾರೆ, ಚಿಂತೆ ಬೇಡ. ಆದರೆ 'ಕಾಣೆಯಾದ ಮೇಷ್ಟ್ರ ನಾಯಿ' ಎಂದು ಬರೆದರೆ ಊರೇ ಗಾಬರಿಯಾಗುತ್ತದೆ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳು ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೆ ಹೋಗುತ್ತಾಳೆ. 'ರವಿ ಅವನ ಹೆಂಡತಿ ಜೊತೆ ಊಟಕ್ಕೆ ಹೋದ', 'ಸ್ಕೂಲ್ ಮುಗಿಸಿ ಅಮ್ಮ ಬಂದಳು' ಎಂದು ಬರೆಯುತ್ತಾಳೆ. ಏನೋ ಸರಿ ಇಲ್ಲ ಅನ್ನಿಸುತ್ತದೆ, ವಿವರಿಸಲು ಬರುತ್ತಿಲ್ಲ.

ಉತ್ತರ: ಮೊದಲನೆಯದಕ್ಕೆ 'ತನ್ನ' ಬೇಕು. ಇಂಗ್ಲಿಷಿನಲ್ಲಿ 'ಅವನ', 'ತನ್ನ' ಎರಡಕ್ಕೂ ಒಂದೇ ಪದ, ಹಾಗಾಗಿ ಅಲ್ಲಿ ಬೆಳೆಯುವ ಮಕ್ಕಳಿಗೆ 'ತನ್ನ' ತಟ್ಟನೆ ಹೊಳೆಯುವುದಿಲ್ಲ. 'ರವಿ ತನ್ನ ಹೆಂಡತಿ ಜೊತೆ ಹೋದ' ಎಂದರೆ ರವಿಯ ಹೆಂಡತಿಯೇ. 'ಅವನ ಹೆಂಡತಿ' ಎಂದರೆ ಬೇರೆ ಯಾರದೋ ಹೆಂಡತಿ ಎಂಬ ಅರ್ಥಕ್ಕೂ ಬಾಗಿಲು ತೆರೆಯುತ್ತದೆ. 'ತನ್ನ' ದೂರಕ್ಕೂ ಹೋಗಬಲ್ಲದು. 'ಸುರೇಶ ತನ್ನನ್ನು ಬೈದ ಎಂದು ರವಿ ಹೇಳಿದ' ಎಂದರೆ ಬೈಸಿಕೊಂಡವನು ರವಿ. ಸುರೇಶ ತನಗೆ ತಾನೇ ಬೈದಿದ್ದರೆ 'ಬೈದುಕೊಂಡ' ಎನ್ನುತ್ತಿದ್ದೆವು.

ಎರಡನೆಯ ವಾಕ್ಯದಲ್ಲಿ ಸ್ಕೂಲ್ ಮುಗಿಸಿದ್ದು ಅಮ್ಮ! 'ಮುಗಿಸಿ', 'ಮಾಡಿ', 'ತಿಂದು' ಎಂದು ಶುರುವಾದರೆ ಸಾಲಿನ ಕೊನೆಯ ಕೆಲಸವನ್ನೂ ಸಾಮಾನ್ಯವಾಗಿ ಅದೇ ವ್ಯಕ್ತಿ ಮಾಡಬೇಕು. 'ಊಟ ಮಾಡಿ ಬಸ್ ಬಂತು' ಎಂದರೆ ಊಟ ಮಾಡಿದ್ದು ಬಸ್ಸು. ಕೆಲಸ ಮಾಡಿದವರು ಬೇರೆ ಬೇರೆಯಾದರೆ 'ಮೇಲೆ' ಹಾಕಿ: 'ನಾನು ಸ್ಕೂಲ್ ಮುಗಿಸಿದ ಮೇಲೆ ಅಮ್ಮ ಬಂದಳು.' ಮಗಳು ಜಾಣೆಯಾದರೆ 'ಹಾಗಾದರೆ ಮಳೆ ಬಂದು ಕೆರೆ ತುಂಬಿತು ಎನ್ನುತ್ತಾರಲ್ಲ, ಅದು ತಪ್ಪಾ?' ಎಂದು ಕೇಳಿಯಾಳು. ಅದು ತಪ್ಪಲ್ಲ. ಮಳೆ ಬಂದದ್ದರಿಂದಲೇ ಕೆರೆ ತುಂಬಿತು. ಎರಡೂ ತಾವಾಗಿ ನಡೆಯುವಂಥವು, ಒಂದು ಇನ್ನೊಂದಕ್ಕೆ ಕಾರಣ. ಅಂಥ ಕಡೆ ಕನ್ನಡ ಸಡಿಲ ಬಿಡುತ್ತದೆ. ಬಸ್ಸು ಬಂದಿದ್ದು ಮಾತ್ರ ನಿಮ್ಮ ಊಟದ ಕಾರಣಕ್ಕಲ್ಲ.

ಪ್ರಶ್ನೆ: ನಮ್ಮೂರ ಹೋಟೆಲಿನ ಬೋರ್ಡಿನಲ್ಲಿ 'ಹಕ್ಕಿ ರೊಟ್ಟಿ' ಎಂದಿದೆ. ಫೋಟೊ ತೆಗೆದು ಎಲ್ಲರೂ ಹಂಚುತ್ತಿದ್ದಾರೆ. ಇದು ವ್ಯಾಕರಣದ ತಪ್ಪೇ? (ಮಂಡ್ಯ)

ಉತ್ತರ: ಅಲ್ಲ, ಕಾಗುಣಿತದ್ದು. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆಯಿತು, 'ಪಕ್ಕಿ' 'ಹಕ್ಕಿ' ಆಯಿತು. ಎಷ್ಟೋ ಕಡೆಯ ಆಡುಮಾತಿನಲ್ಲಿ ಆ ಹಕಾರವೂ ಬಿದ್ದುಹೋಗಿ 'ಆಲು', 'ಅಕ್ಕಿ' ಎನ್ನುತ್ತಾರೆ. ಹಾಗೆ ಮಾತಾಡುವವರು ಬರೆಯಲು ಕೂತಾಗ, ಎಲ್ಲಿ ಹಕಾರ ಇತ್ತು, ಎಲ್ಲಿ ಇರಲಿಲ್ಲ ಎಂದು ಕಿವಿ ಹೇಳಿಕೊಡುವುದಿಲ್ಲ. ತಿದ್ದಲು ಹೋಗಿ ಇಲ್ಲದ ಕಡೆಯೂ ಹಕಾರ ಸೇರುತ್ತದೆ. ಬೋರ್ಡು ತಿದ್ದಬೇಕು, ನಿಜ. ಆದರೆ ಫೋಟೊ ಹಂಚಿ ಅವರ ಮಾತನ್ನೇ ನಗೆಪಾಟಲು ಮಾಡುವುದು ನನಗೆ ಸರಿ ಕಾಣುವುದಿಲ್ಲ. ರೊಟ್ಟಿ ತಿನ್ನಲು ಹೋದಾಗ ಮಾಲೀಕರ ಕಿವಿಯಲ್ಲಿ ಮೆಲ್ಲಗೆ ಹೇಳಿಬಿಡಿ.