ಬಿಡಿಭಾಗ ಕಡಿಮೆಯಾದರೆ ನಾದ ಶುದ್ಧವಾಗುತ್ತದೆಯೇ?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ರೆಡ್‌ಆಕ್ಸೈಡ್ ನೆಲದ ಹಳೆಯ ಮನೆ. 12 ಅಡಿ ಅಗಲ, 16 ಅಡಿ ಉದ್ದದ ಹಾಲ್‌ನಲ್ಲಿ ವೀಣೆ, ಪಿಟೀಲು ಕಛೇರಿಗಳ ಧ್ವನಿಮುದ್ರಣಗಳನ್ನು ಕೇಳುತ್ತೇನೆ. ಸ್ಪೀಕರ್‌ಗಳ ಸೆನ್ಸಿಟಿವಿಟಿ (ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸಿಗುವ ಧ್ವನಿಯ ಮಟ್ಟ) 86 ಡೆಸಿಬೆಲ್, ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) 8 ಓಮ್ ಎಂದು ಕೈಪಿಡಿಯಲ್ಲಿದೆ. ಆಂಪ್ಲಿಫೈಯರ್ ಬದಲಿಸಬೇಕಾಗಿದೆ. ಚಾನೆಲ್‌ಗೆ ಒಂದೇ 300ಬಿ ಔಟ್‌ಪುಟ್ ವಾಲ್ವ್ (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ನಿರ್ವಾತ ಕೊಳವೆ) ಇರುವ 8 ವಾಟ್‌ನದನ್ನು ಕೊಳ್ಳಿ, ಭಾಗಗಳು ಕಡಿಮೆಯಿದ್ದಷ್ಟೂ ನಾದ ಶುದ್ಧ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅಂಗಡಿಯವರು ಡಿಜಿಟಲ್ ರೂಮ್ ಕರೆಕ್ಷನ್ (ಕೋಣೆಯಿಂದಾಗಿ ಧ್ವನಿಯಲ್ಲಿ ಬರುವ ಏರುಪೇರನ್ನು ತಿದ್ದುವ ವ್ಯವಸ್ಥೆ), ಪರದೆ, ಆ್ಯಪ್ ಎಲ್ಲ ಇರುವುದನ್ನು ತೋರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಸಿಗ್ನಲ್ ಹಾದುಹೋಗುವ ಪ್ರತಿಯೊಂದು ಹಂತವೂ ತನ್ನದೊಂದಿಷ್ಟು ದೋಷವನ್ನು ಸೇರಿಸುತ್ತದೆ. ಅಮೆರಿಕದ ವಿನ್ಯಾಸಕ ನೆಲ್ಸನ್ ಪಾಸ್ 1994ರಲ್ಲಿ ಪ್ರಕಟಿಸಿದ ಜೆನ್ ಆಂಪ್ಲಿಫೈಯರ್‌ನಲ್ಲಿ ವರ್ಧನೆಯ ಹಂತ ಒಂದೇ ಒಂದು. ಸುಮಾರು 10 ವಾಟ್ ಮಾತ್ರ ಕೊಡುವ ಆ ಸರ್ಕ್ಯೂಟನ್ನು ಹವ್ಯಾಸಿಗಳು ಇಂದಿಗೂ ಪ್ರೀತಿಯಿಂದ ಕಟ್ಟುತ್ತಾರೆ. ಆದರೆ ಭಾಗಗಳನ್ನು ಎಣಿಸುವ ಮೊದಲು, ತೆಗೆದುಹಾಕಿದ ಭಾಗ ಮಾಡುತ್ತಿದ್ದ ಕೆಲಸ ಈಗ ಯಾರ ಹೆಗಲಿಗೆ ಬಿತ್ತು ಎಂದು ಕೇಳಬೇಕು.

ಒಂಟಿ ವಾಲ್ವ್‌ನ ಆಂಪ್ಲಿಫೈಯರ್‌ನಲ್ಲಿ ಆ ಹೊರೆ ಮೊದಲು ಬೀಳುವುದು ವಾಲ್ವ್‌ನ ಶಕ್ತಿಯನ್ನು ಸ್ಪೀಕರ್‌ಗೆ ಹೊಂದಿಸಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ. ವಾಲ್ವ್‌ಗೆ ಬೇಕಾದ ಡಿಸಿ ಕರೆಂಟ್ ಅದರ ಪ್ರೈಮರಿ ಸುರುಳಿಯಲ್ಲಿ ಸದಾ ಒಂದೇ ದಿಕ್ಕಿಗೆ ಹರಿಯುವುದರಿಂದ, ಕಬ್ಬಿಣದ ತಿರುಳು ಕಾಂತತ್ವದಿಂದ ತುಂಬಿಹೋಗದಂತೆ ಅದರಲ್ಲಿ ಒಂದು ಸಣ್ಣ ಸಂದು ಬಿಡಬೇಕಾಗುತ್ತದೆ. ಸಂದು ಬಿಟ್ಟರೆ ಇಂಡಕ್ಟೆನ್ಸ್ ಕುಗ್ಗಿ ಮಂದ್ರದ ಧ್ವನಿ ಸೊರಗುತ್ತದೆ. ಅದನ್ನು ಸರಿದೂಗಿಸಲು ತಿರುಳು ದೊಡ್ಡದಾಗಬೇಕು, ಸುತ್ತುಗಳು ಹೆಚ್ಚಬೇಕು. ಸುತ್ತು ಹೆಚ್ಚಿದರೆ ತಾರದ ಕಡೆ ಧ್ವನಿ ಮಂಕಾಗದಂತೆ ಪ್ರೈಮರಿ, ಸೆಕೆಂಡರಿ ಸುರುಳಿಗಳನ್ನು ಪದರಪದರವಾಗಿ ಹೆಣೆಯಬೇಕು. ಸರ್ಕ್ಯೂಟ್ ನಕ್ಷೆಯಲ್ಲಿ ಎರಡು ಗೀಟಾಗಿ ಕಾಣುವ ಈ ವಸ್ತು ಇಡೀ ಯಂತ್ರದ ಅತ್ಯಂತ ಜಟಿಲವಾದ ಭಾಗ. ಅಗ್ಗದ 300ಬಿ ಆಂಪ್ಲಿಫೈಯರ್‌ಗಳು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

ಉಳಿದ ಹೊರೆ ಸ್ಪೀಕರ್‌ನದು. 1930ರ ದಶಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ತಂದ ಈ ವಾಲ್ವ್ ಕುಟುಂಬ ಚಿತ್ರಮಂದಿರಗಳನ್ನು ಕೆಲವೇ ವಾಟ್‌ಗಳಲ್ಲಿ ತುಂಬಿಸಿದ್ದು ನಿಜ, ಆದರೆ ಅದರ ಮುಂದೆ ಇದ್ದದ್ದು ಕಡಿಮೆ ವಾಟ್‌ಗೇ ಜೋರಾಗಿ ನುಡಿಯುವ ದೊಡ್ಡ ಹಾರ್ನ್ ಸ್ಪೀಕರ್‌ಗಳು. ನಿಮ್ಮ 86 ಡೆಸಿಬೆಲ್ ಸ್ಪೀಕರ್‌ಗೆ 8 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸಿಗುವುದು 95 ಡೆಸಿಬೆಲ್; ನೀವು ಕೂರುವ ಜಾಗದಲ್ಲಿ ಅದು ಇನ್ನೂ ತಗ್ಗುತ್ತದೆ. ಹದಗೆಡಿಸದ ಧ್ವನಿಮುದ್ರಣದಲ್ಲಿ ಮೃದಂಗದ ಪೆಟ್ಟಿನಂಥ ತುದಿಗಳು ಸರಾಸರಿ ಮಟ್ಟಕ್ಕಿಂತ 15ರಿಂದ 20 ಡೆಸಿಬೆಲ್ ಮೇಲಿರಬಹುದು. ಆದ್ದರಿಂದ ಆಲಾಪನೆ ಸೊಗಸಾಗಿ ಕೇಳಿಸೀತು, ತನಿ ಆವರ್ತನ ಬಂದಾಗ ಆಂಪ್ಲಿಫೈಯರ್‌ನ ಉಸಿರು ಕಟ್ಟುತ್ತದೆ.

ಇಂಪೀಡೆನ್ಸ್ ಇನ್ನೂ ಮುಖ್ಯ. ಕೈಪಿಡಿಯ 8 ಓಮ್ ಎಂಬುದು ಹೆಸರಿಗೆ ಮಾತ್ರ. ಮಂದ್ರಕ್ಕೊಂದು, ತಾರಕ್ಕೊಂದು ಘಟಕವಿರುವ ಎರಡು ದಾರಿಯ ಸ್ಪೀಕರ್‌ನಲ್ಲಿ ಅದು ಆವರ್ತನಕ್ಕೆ (ಫ್ರೀಕ್ವೆನ್ಸಿಗೆ) ತಕ್ಕಂತೆ 4 ಓಮ್‌ಗೆ ಇಳಿದು 30 ಓಮ್‌ಗೆ ಏರುವುದುಂಟು. ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್‌ನ ಒಂದಂಶವನ್ನು ಒಳಕ್ಕೆ ಮರಳಿಸಿ ತಪ್ಪು ತಿದ್ದುವ ವಿಧಾನ) ಇಲ್ಲದ ವಾಲ್ವ್ ಆಂಪ್ಲಿಫೈಯರ್‌ನ ಒಳ ಇಂಪೀಡೆನ್ಸ್ 2.5 ಓಮ್ ಎಂದಿಟ್ಟುಕೊಂಡರೆ, ಈ ಏರಿಳಿತ ಸ್ವರದ ಮಟ್ಟದಲ್ಲಿ ಸುಮಾರು 3.5 ಡೆಸಿಬೆಲ್ ವ್ಯತ್ಯಾಸವಾಗಿ ಹೊರಬೀಳುತ್ತದೆ. ಅಂದರೆ ನೀವು ಕೇಳದೆಯೇ ಒಂದು ಟೋನ್ ಕಂಟ್ರೋಲ್ ಕೊಂಡಂತಾಯಿತು.

ಹಾಗಿದ್ದರೂ ಒಂಟಿ ವೀಣೆ ಅದರಲ್ಲಿ ಇಂಪಾಗಿ ಕೇಳುವುದೇಕೆ? ಇಂಥ ಆಂಪ್ಲಿಫೈಯರ್‌ನ ದೋಷದಲ್ಲಿ ಎರಡನೆಯ ಹಾರ್ಮಾನಿಕ್ (ಮೂಲ ಸ್ವರದ ಎರಡರಷ್ಟು ಆವರ್ತನ) ಪ್ರಧಾನ. ಮಧ್ಯ ಸ್ಥಾಯಿಯ ಷಡ್ಜ ನುಡಿದರೆ ಯಂತ್ರ ತಾನಾಗಿ ಸೇರಿಸುವುದು ತಾರ ಷಡ್ಜ. ಮೂರನೆಯ ಹಾರ್ಮಾನಿಕ್ ತಾರ ಪಂಚಮ. ಎರಡೂ ಶ್ರುತಿಗೆ ಹೊಂದುವುದರಿಂದ ಕಿವಿಗೆ ಅದು ದೋಷವೆನಿಸದೆ ತುಂಬುನಾದವೆನಿಸುತ್ತದೆ. ಆದರೆ ಎರಡು ಸ್ವರ ಒಟ್ಟಿಗೆ ಬಂದಾಗ ಅವುಗಳ ಮೊತ್ತ ಮತ್ತು ವ್ಯತ್ಯಾಸದ ಆವರ್ತನಗಳೂ ಹುಟ್ಟುತ್ತವೆ. 440 ಮತ್ತು 300 ಹರ್ಟ್ಸ್ ಸೇರಿದರೆ 740 ಮತ್ತು 140. ಇವು ಯಾವ ರಾಗಕ್ಕೂ ಸೇರಬೇಕೆಂದಿಲ್ಲ. ಪಿಟೀಲು, ಮೃದಂಗ, ಘಟ ಕೂಡಿದ ಕಛೇರಿ ಕಲಸಿದಂತೆ ಕೇಳುವುದು ಇದರಿಂದ.

1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಕಂಡುಕೊಂಡ ನೆಗೆಟಿವ್ ಫೀಡ್‌ಬ್ಯಾಕ್ ಈ ದೋಷಗಳನ್ನೇ ತಗ್ಗಿಸುತ್ತದೆ. ಹತ್ತಾರು ಟ್ರಾನ್ಸಿಸ್ಟರ್‌ಗಳಿರುವ ಒಳ್ಳೆಯ ಆಂಪ್ಲಿಫೈಯರ್‌ನಲ್ಲಿ ಹೆಚ್ಚಿನವು ಇನ್ನೊಂದು ಟ್ರಾನ್ಸಿಸ್ಟರ್‌ನ ತಪ್ಪು ತಿದ್ದಲು ಕುಳಿತಿರುತ್ತವೆ. ಅಂಥ ಜಟಿಲತೆಗೆ ನನ್ನ ತಕರಾರಿಲ್ಲ. ಅಷ್ಟಕ್ಕೂ 1980ರ ದಶಕದಿಂದೀಚಿನ ಬಹುಪಾಲು ಸ್ಟುಡಿಯೋ ಧ್ವನಿಮುದ್ರಣಗಳು ಮಿಕ್ಸಿಂಗ್ ಕನ್ಸೋಲ್‌ನ ಎಷ್ಟೋ ಆಪ್‌ಆಂಪ್ ಎಂಬ ವರ್ಧಕ ಚಿಪ್‌ಗಳನ್ನು ದಾಟಿಯೇ ನಿಮ್ಮ ಮನೆಗೆ ಬಂದಿವೆ.

ಅಂಗಡಿಯವರು ತೋರಿಸಿದ ಪರದೆ, ಆ್ಯಪ್‌ಗಳಿಗೆ ನಾದದೊಂದಿಗೆ ಸಂಬಂಧವಿಲ್ಲ, ಮತ್ತು ಯಂತ್ರದಲ್ಲಿ ಮೊದಲು ಹಳತಾಗುವುದು ಅವೇ. ರೂಮ್ ಕರೆಕ್ಷನ್ ಹಾಗಲ್ಲ. ನಿಮ್ಮ ಹಾಲ್‌ನ 12 ಅಡಿ ಅಗಲಕ್ಕೆ ಸುಮಾರು 47 ಹರ್ಟ್ಸ್‌ನಲ್ಲಿ ಅನುರಣನೆ ಇರುತ್ತದೆ. ಆ ಉಬ್ಬನ್ನು ಅದು ತಗ್ಗಿಸಬಲ್ಲದು, ಧ್ವನಿ ರದ್ದಾಗುವ ಜಾಗವನ್ನು ಮಾತ್ರ ತುಂಬಿಸಲಾರದು. ನುಣುಪು ನೆಲ, ಬರಿಗೋಡೆಗಳ ಮಾರ್ದನಿಗೆ ದಪ್ಪ ಕಾರ್ಪೆಟ್, ಪುಸ್ತಕದ ಕಪಾಟುಗಳೇ ಮದ್ದು, ಅವೂ ಮಂದ್ರಕ್ಕೆ ಹೆಚ್ಚು ಉಪಯೋಗಕ್ಕೆ ಬಾರವು.

ಸ್ಪೀಕರ್ ಉಳಿಸಿಕೊಳ್ಳುವುದಾದರೆ 50ರಿಂದ 80 ವಾಟ್‌ನ, ಮುಂಭಾಗದಲ್ಲಿ ಗುಂಡಿಗಳು ಕಡಿಮೆಯಿರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊಳ್ಳಿ. 300ಬಿ ಮೇಲೆಯೇ ಮನಸ್ಸಿದ್ದರೆ ಮೊದಲು 95 ಡೆಸಿಬೆಲ್‌ಗಿಂತ ಹೆಚ್ಚಿನ ಸೆನ್ಸಿಟಿವಿಟಿಯ ಸ್ಪೀಕರ್ ಹುಡುಕಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಯಾರು ಸುತ್ತಿದ್ದು ಎಂದು ವಿಚಾರಿಸಿ. ವಾಲ್ವ್ ಆಂಪ್ಲಿಫೈಯರ್‌ನೊಳಗೆ ನೂರಾರು ವೋಲ್ಟ್ ಇರುತ್ತದೆಂಬುದೂ ನೆನಪಿರಲಿ, ಮನೆಯಲ್ಲಿ ಮಕ್ಕಳಿದ್ದರಂತೂ ಸರಿಯೇ. ಎರಡನ್ನೂ ಎರವಲು ತಂದು ಹೋಲಿಸುವಾಗ 400 ಹರ್ಟ್ಸ್‌ನ ಸ್ವರ ನುಡಿಸಿ, ಸ್ಪೀಕರ್ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ವೋಲ್ಟೇಜನ್ನು ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ಆರಿಸಿಬಿಡುತ್ತದೆ.