ಗ್ಯಾಸ್ ಇದ್ದರೂ ಸೌದೆ ಒಲೆ ಬಿಡದ ಅಮ್ಮನ ಬಗ್ಗೆ

ಮೂಡಿಗೆರೆಯ ಮನೆಯಲ್ಲಿ ಸಿಲಿಂಡರ್ ಇದ್ದರೂ ಅಮ್ಮ ಹೊಗೆಯಲ್ಲೇ ಅಡುಗೆ ಮಾಡ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ಹಠ ಅಲ್ಲ. ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದಾಗ, ಸಿಗೋ ಸೌದೆ ಪುಕ್ಕಟೆ, ಸಿಲಿಂಡರಿಗೆ ಒಟ್ಟಿಗೇ ದುಡ್ಡು ಕೊಡಬೇಕು, ಆ 14.2 ಕೆಜಿಯಲ್ಲೇ ಕಡುಬು ಬೇಯಿಸಿ ಮನೆಮಂದಿಗೆಲ್ಲ ಸ್ನಾನದ ನೀರೂ ಕಾಯಿಸಿದರೆ ಎಷ್ಟು ದಿನ ಬಂದೀತು ಹೇಳಿ. 2016ರಲ್ಲಿ ಬಡವರ ಮನೆಗೆ ಗ್ಯಾಸ್ ಸಂಪರ್ಕ ಕೊಡೋ ಉಜ್ವಲಾ ಯೋಜನೆ ಬಂದ ಮೇಲೂ ಎಷ್ಟೋ ಮನೆಯಲ್ಲಿ ಸೌದೆ ಒಲೆ ಆರದಿರೋದಕ್ಕೆ ಇದೂ ಕಾರಣ.

ಮೊದಲು ಹಂಡೆ ಒಲೆಯನ್ನು ಅಡುಗೆಮನೆಯಿಂದ ಆಚೆ ಹಾಕಿ. ಆಮೇಲೆ ರೊಟ್ಟಿ, ಕಡುಬಿಗೆ ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ್ದು ಅದು, ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಚಿಮಣಿಯಲ್ಲಿ ಹೊರಗೆ. ಆದರೆ ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು, ಸಂದಿ ಬಿಟ್ಟರೆ ಹೊಗೆ ಮನೆಯೊಳಗೇ ಬರುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯಲೇಬೇಕು. ಮಳೆಗಾಲಕ್ಕೆ ಮುಂಚೆಯೇ ಸೌದೆ ಸೀಳಿ ಸೂರಿನಡಿ ಒಟ್ಟಿಡಿ, ಹಸಿ ಸೌದೆ ಹಾಕಿದರೆ ಯಾವ ಒಲೆಯಾದರೂ ಹೊಗೆ ಕಾರುತ್ತೆ.

ಬೆಳಗಿನ ಕಾಫಿ, ಸಾರು ಬಿಸಿ ಮಾಡೋದು ಗ್ಯಾಸಲ್ಲೇ ಆಗಲಿ. ಸಿಲಿಂಡರ್ ದುಡ್ಡು ಮಾತ್ರ ನೀವೇ ಕಟ್ಟಿ, ಆಗ ಅಮ್ಮನೂ ಯೋಚನೆ ಮಾಡದೆ ಹಚ್ಚುತ್ತಾರೆ.